ಹಾಲು, ಪಾಲು

ರಾಯದುರ್ಗದ ನಮ್ಮಂಥ ಕನ್ನಡ ಮನೆಗಳಲ್ಲಿ ಒಂದೇ ಪದಾರ್ಥಕ್ಕೆ ಎರಡು ಹೆಸರು. ಬಾಗಿಲಲ್ಲಿ ನಿಂತವನು ತೆಲುಗಿನಲ್ಲಿ 'ಪಾಲು' ಎಂದು ಕೂಗುತ್ತಾನೆ. ಒಳಗಿನವರು 'ಹಾಲು ಬಂತು' ಎನ್ನುತ್ತಾರೆ. ಇದರಲ್ಲಿ ವಿಶೇಷವೇನಿದೆ ಎಂದುಕೊಂಡಿದ್ದೆ. ಆದರೆ ತೆಲುಗು ಶಾಲೆಗೆ ಹೋಗುವ ಮೊಮ್ಮಗಳು ಒಂದು ದಿನ, "ತಾತಾ, ನಾನು ಹಾಲು ಅಂದ್ರೆ ಎಲ್ರೂ ನಗ್ತಾರೆ. ಅದು ತಪ್ಪು ಮಾತಾ?" ಎಂದು ಕೇಳಿದಳು. ಮನೆಯ ಮಾತಿಗೆ ಮಗು ನಾಚಿಕೊಂಡರೆ ಸುಮ್ಮನಿರಲಾದೀತೇ?

ಅದು ತಪ್ಪಲ್ಲ. ಹಳಗನ್ನಡದಲ್ಲಿ ನಮ್ಮದೂ 'ಪಾಲ್' ಎಂದೇ ಇತ್ತು. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಪದದ ಮೊದಲ ಪಕಾರ ಮೆಲ್ಲಮೆಲ್ಲನೆ ಹಕಾರವಾಯಿತು. ಪುಲಿ ಹುಲಿಯಾಯಿತು, ಪಲ್ ಹಲ್ಲಾಯಿತು, ಪೆಸರ್ ಹೆಸರಾಯಿತು. ಕ್ರಿ.ಶ. 450ರ ಸುಮಾರಿನದೆನ್ನುವ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರು ಪಕಾರದಿಂದಲೇ ಶುರುವಾಗುತ್ತದೆ. ತಮಿಳು, ಮಲಯಾಳಗಳ 'ಪಾಲ್' ಮತ್ತು ತೆಲುಗಿನ 'ಪಾಲು' ಹಳೆಯ ಪಕಾರವನ್ನು ಬಿಡಲಿಲ್ಲ. ತುಳುವಿನ 'ಪೇರ್' ಕೂಡ ಇದೇ ಬಳ್ಳಿಯದು. ಆದರೆ ಮಲಯಾಳದಲ್ಲಿ 'ಪೇರ್' ಎಂದರೆ ಹೆಸರು! ಕಾಸರಗೋಡಿನ ಓದುಗರಿಗೆ ಈ ತಮಾಷೆ ಗೊತ್ತೇ ಇದೆ.

ಇನ್ನೊಂದು ಸೋಜಿಗ. ತೆಲುಗಿನಲ್ಲಿ ಕುಡಿಯುವುದೂ ಪಾಲು, ಅಣ್ಣತಮ್ಮಂದಿರು ಹಂಚಿಕೊಳ್ಳುವುದೂ ಪಾಲು. ಇವು ಮೂಲದಲ್ಲಿ ಬೇರೆಬೇರೆ ಪದಗಳು. ಕನ್ನಡದಲ್ಲಿ ಕುಡಿಯುವುದು ಹಾಲಾಯಿತು, ಆಸ್ತಿಯದು ಪಾಲಾಗಿಯೇ ಉಳಿಯಿತು. ಕಿವಿಗೆ ಗೊಂದಲವಿಲ್ಲ.

ಪಾಲಿನ ಮಾತು ಬಂದರೆ ನಮ್ಮ ಸೀಮೆಯ ಪಾಲು ನೆನಪಾಗದೆ ಇರದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಆ ಜಿಲ್ಲೆಯಲ್ಲಿದ್ದ ಮಡಕಶಿರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂತು. 1956ರಲ್ಲಿ ಕಾಸರಗೋಡು ಕೇರಳದ ಪಾಲಾಯಿತು. ನೆಲ ಹಂಚಿದವರು ನಾಲಗೆಯನ್ನು ಹಂಚಲಿಲ್ಲ.

ಮೊಮ್ಮಗಳಿಗೆ ಹೇಳಿದ್ದಿಷ್ಟೆ: "ಎರಡೂ ಸರಿ ಕಣವ್ವಾ. ಅವರದು ನಮ್ಮ ಹಳೇ ಮಾತು, ನಮ್ಮದು ಅದರ ಹೊಸ ರೂಪ. ಅಲ್ಲಿ ಪಾಲು ಅನ್ನು, ಇಲ್ಲಿ ಹಾಲು ಅನ್ನು." ಅವಳಿಗೆ ಓದಲು ಬರುವುದು ತೆಲುಗು ಅಕ್ಷರ ಮಾತ್ರ. ಕನ್ನಡ ಲಿಪಿ ಅದರ ಒಡಹುಟ್ಟು, ಕಲಿಯುವುದು ಕಷ್ಟವಲ್ಲ. ಶಾಲೆ ಕಲಿಸದಿದ್ದರೆ ಮನೆಯೇ ಕಲಿಸಬೇಕು. ಗಡಿಯಾಚೆ ಉಳಿದ ನಾವು ಮಕ್ಕಳಿಗೆ ಬರೆದುಕೊಡಬಹುದಾದ ಪಾಲು ಇದೊಂದೇ.