ಓದಾಕ ಬರದವರ ಓದಿನ ಕೂಟ

ಪತ್ರಿಕೋದ್ಯಮ ಓದುವಾಗ ಒಂದು ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಕನ್ನಡದ ಮೊದಲ ಪತ್ರಿಕೆ ಯಾವುದು? 1843ರ 'ಮಂಗಳೂರ ಸಮಾಚಾರ', ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಅದೇ ಮಿಷನ್ 1851ರಲ್ಲಿ ಬಾದಾಮಿ ಹತ್ತಿರದ ನಮ್ಮ ಗುಳೇದಗುಡ್ಡಕ್ಕೂ ಬಂದಿತ್ತು ಅನ್ನೋದು ಮಾತ್ರ ನನಗೆ ಗೊತ್ತಿರಲಿಲ್ಲ. ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿದ್ದರೂ!

ಊರಿಗೆ ವಾಪಸ್ ಬಂದ ಮೇಲೆ ಪಾಲಕರನ್ನು ಕೇಳಿ, ಶನಿವಾರ ಸಂಜೆ ಹೆಣ್ಣುಮಕ್ಕಳ ಓದಿನ ಕೂಟ ಶುರು ಮಾಡಿದೆ. ನಮ್ಮ ಸೀಮೆಗೆ ಮಿಷನ್ ಹೇಗೆ ಬಂತು ಎಂದು ಓದುವುದು. ಮೊದಲ ದಿನ ಒಂಬತ್ತು ಮಂದಿ ಬಂದರು. ನಾನು ಪುಸ್ತಕ ತೆಗೆದ ಕೂಡಲೇ ನೇಕಾರರ ಮನೆಯ ದೊಡ್ಡವ್ವ ಎದ್ದು ನಿಂತಳು.

"ನಾ ಹೊಕ್ಕೀನಿ ಯವ್ವಾ. ಖಣ ನೇಯಾಕ ಬರತೈತಿ, ಓದಾಕ ಬರಂಗಿಲ್ಲ."

ನನಗೆ ನಾಚಿಕೆಯಾಯಿತು. ಎಲ್ಲರನ್ನೂ ಕರೆದಿದ್ದೆ, ಓದು ಬಾರದವರ ವಿಚಾರ ಮಾಡಿರಲಿಲ್ಲ. ಕೈ ಹಿಡಿದು ಕೂಡಿಸಿದೆ. ಅಂದಿನಿಂದ ಒಬ್ಬರು ಒಂದು ಪುಟ ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳಿ ತಮಗೆ ಅನಿಸಿದ್ದು ಹೇಳುತ್ತಾರೆ.

ಒಂದು ಶನಿವಾರ 1876-78ರ ಬರದ ವಿಷಯ ಬಂತು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲ ಕಲಾದಗಿ ಜಿಲ್ಲೆಯಲ್ಲಿದ್ದವು. ಆ ಬರ ಬಹಳ ಕೆಟ್ಟದಾಗಿ ಬಡಿದ ಜಿಲ್ಲೆಗಳಲ್ಲಿ ಅದೂ ಒಂದು. ಇಳಕಲ್ಲಿನಿಂದ ಸೊಸೆಯಾಗಿ ಬಂದ ಅಕ್ಕ ತಡವರಿಸಿ ಕೇಳಿದಳು:

"ಹಸದವರಿಗೆ ಅಂಬಲಿ ಕೊಟ್ಟು ಜಾತಿ ಕೆಡಿಸಿದ್ರು ಅಂತಾರಲ್ಲ, ಖರೇ ಏನು?"

ಎಲ್ಲರೂ ಸುಮ್ಮನಾದರು. ಓಣಿಯಲ್ಲಿ ಈ ಮಾತು ಕೇಳಿ ತಲೆ ತಗ್ಗಿಸಿ ಬಂದವರೇ ನಾವೆಲ್ಲ. ದೊಡ್ಡವ್ವನೇ ಬಾಯಿ ಬಿಟ್ಟಳು.

"ಹಸಿವಿಗೆ ಬಂದವರು ಇರಬೇಕು, ಸಾಲಿ ಕಲಿಯಾಕ ಬಂದವರು ಇರಬೇಕು, ಯೇಸುಸ್ವಾಮಿನ ನಂಬಿ ಬಂದವರೂ ಇರಬೇಕು. ಒಂದ ಮನ್ಯಾಗ ಮೂರೂ ಥರದವರು ಇದ್ದಾರು. ಯಾವ್ದೂ ಮುಚ್ಚಿಡಬ್ಯಾಡ, ಎಲ್ಲಾ ಓದು."

ಪರೀಕ್ಷೆಗೆ ಓದಿದ ಇತಿಹಾಸದಲ್ಲಿ ನನಗೆ ಇಂಥ ಪಾಠ ಸಿಕ್ಕಿರಲಿಲ್ಲ.

ಓದುತ್ತ ಇನ್ನೊಂದು ಕಂಡಿತು. ಮೋಗ್ಲಿಂಗ್ ಹೆಸರು ಉಳಿದಿದೆ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಹೆಸರೂ ಉಳಿದಿದೆ. ಆದರೆ ಮನೆಮನೆಗೆ ನಡೆದು ಹೆಣ್ಣುಮಕ್ಕಳಿಗೆ ಬೈಬಲ್ ಓದಿ ಹೇಳುತ್ತಿದ್ದ ನಮ್ಮವೇ ಹೆಂಗಸರು ಬರೀ 'ಬೈಬಲ್ ಸ್ತ್ರೀ' ಆಗಿ ಉಳಿದರು. ನಮ್ಮ ಕೈಗೆ ಸಿಕ್ಕ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ.

ಅದಕ್ಕೆ ಈಗ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತ ಹೆಣ್ಣುಮಗಳ ಹೆಸರು ಬರೆಸಬೇಕು. ದೊಡ್ಡವ್ವ ತನ್ನ ಆಯಿಯ ಹೆಸರು ಹೇಳಿದಳು. ಬರೆದೆ.

"ಈಗ ಓದು" ಅಂದಳು. ಓದಿದೆ.

"ಇನ್ನೊಮ್ಮೆ ಓದು" ಅಂದಳು.

ನಿಮ್ಮೂರಲ್ಲೂ ಮಾಡಬಹುದು. ಒಂದು ಪುಸ್ತಕ, ಗಟ್ಟಿಯಾಗಿ ಓದುವ ಒಬ್ಬರು, ಒಂದು ನೋಟ್‌ಬುಕ್ ಇದ್ದರೆ ಸಾಕು. ಓದಾಕ ಬರಂಗಿಲ್ಲ ಅನ್ನುವವರನ್ನು ಮಾತ್ರ ಮುಂದೆ ಕೂಡಿಸಿರಿ.