ಗೋಂದು ಅಂತ ಬರೆದುಕೊಂಡಿದ್ದೆ

1979ರಲ್ಲಿ ಹಿಸ್ಟೊಪೆಥಾಲಜಿ ಲ್ಯಾಬಿಗೆ ಟೆಕ್ನಿಷಿಯನ್ ಆಗಿ ಸೇರಿದಾಗ ಮೊದಲ ಆರು ತಿಂಗಳು ನನ್ನ ಕೆಲಸ ಮೈಕ್ರೋಟೋಮಿನ ಕತ್ತಿ ಮಸೆಯುವುದು. ಈಗ ಬಳಸಿ ಬಿಸಾಡುವ ಬ್ಲೇಡು ಬಂದಿವೆ. ಆಗಿನದು ದಪ್ಪ ಉಕ್ಕು; ಮೊಂಡಾದರೆ ಸೆಕ್ಷನ್ ಮೇಲೆ ಗೀರು, ನನ್ನ ಮೇಲೆ ಬೈಗುಳ.

ಮಿದುಳಿನ ಸ್ಲೈಡಿಗೆ ಹೆಚ್ಚಾಗಿ ಎರಡೇ ಬಣ್ಣ, ಹಿಮಟಾಕ್ಸಿಲಿನ್ ಮತ್ತು ಇಯೋಸಿನ್. ಅದರಲ್ಲಿ ನರಕೋಶ ದೊಡ್ಡದಾಗಿ ಎದ್ದು ಕಾಣುತ್ತದೆ. ಸುತ್ತ ಗುಲಾಬಿ ಬಯಲು, ನಡುನಡುವೆ ತಿಳಿಯಾದ ದುಂಡು ಚುಕ್ಕೆಗಳು. ಆ ಚುಕ್ಕೆ ಏನು ಸಾರ್ ಅಂತ ಕೇಳಿದ್ದಕ್ಕೆ ನಮ್ಮ ಡಾಕ್ಟರು, "ಅದಾ? ಗ್ಲಯ. ಗೋಂದು ಕಣಯ್ಯಾ, ನರಕೋಶಗಳನ್ನ ಹಿಡಿದಿಡೋಕೆ" ಅಂದರು. ನೋಟ್‌ಬುಕ್ಕಿನಲ್ಲಿ ಗೋಂದು ಅಂತಲೇ ಬರೆದುಕೊಂಡೆ.

ಅವರ ತಪ್ಪೇನಿಲ್ಲ. 1850ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೊ ಇಟ್ಟ ಹೆಸರೇ ಅಂಥದ್ದು. ಗ್ರೀಕಿನಲ್ಲಿ ಗ್ಲಯ ಅಂದರೆ ಅಂಟು. ಅದರಲ್ಲೇ ಒಂದು ಬಗೆಗೆ ಮುಂದೆ ಆಸ್ಟ್ರೋಸೈಟ್, ಅಂದರೆ ನಕ್ಷತ್ರಕೋಶ, ಎಂಬ ಹೆಸರು ಬಂತು. ನಮ್ಮ ಬಣ್ಣದಲ್ಲಿ ನಕ್ಷತ್ರದ ಕೈಕಾಲು ಯಾವುದೂ ಕಾಣುತ್ತಿರಲಿಲ್ಲ, ಕೋಶದ ಕೇಂದ್ರ ಮಾತ್ರ. ಸ್ಪೇನಿನ ಕಹಾಲ್ 1913ರಲ್ಲೇ ಚಿನ್ನದ ಲವಣ ಬಳಸಿ ಅದರ ಪೂರ್ತಿ ಆಕಾರ ತೋರಿಸಿದ್ದ. ನಮ್ಮ ಇಂಡೆಂಟಿನಲ್ಲಿ ಗೋಲ್ಡ್ ಕ್ಲೋರೈಡ್ ಎಂದು ಬರೆದರೆ ಸ್ಟೋರಿನ ಗುಮಾಸ್ತರು ನಗುತ್ತಿದ್ದರು.

1994ರ ಸುಮಾರಿಗೆ ಆಂಟಿಬಾಡಿ ಬಣ್ಣ ಬಂತು. ಜಿಎಫ್‌ಎಪಿ ಎಂಬುದು ನಕ್ಷತ್ರಕೋಶದೊಳಗಿನ ನಾರಿನಂಥ ಪ್ರೋಟೀನು. ಆಂಟಿಬಾಡಿ ಅದನ್ನು ಹುಡುಕಿ ಕಂದು ಬಣ್ಣ ಕಟ್ಟುತ್ತದೆ. ನನ್ನ ಮೊದಲ ಸ್ಲೈಡಿನಲ್ಲಿ ಗುಲಾಬಿ ಬಯಲಿದ್ದ ಜಾಗದ ತುಂಬ ಜೇಡಗಳು. ಒಂದೊಂದರದೂ ಒಂದು ಕಾಲು ರಕ್ತನಾಳದ ಮೇಲೆ. ಹದಿನೈದು ವರ್ಷ ಖಾಲಿ ಅಂದುಕೊಂಡ ಜಾಗವದು. ನರಕೋಶ ಸತ್ತ ಕಡೆಯಲ್ಲೆಲ್ಲ ಕಂದು ಇನ್ನೂ ದಟ್ಟ. ರಿಪೋರ್ಟಿನಲ್ಲಿ ಅದಕ್ಕೆ 'ಗ್ಲಯೋಸಿಸ್' ಎಂಬ ಒಂದೇ ಪದ. ಗಾಯದ ಕಲೆ, ಅಷ್ಟೇ.

ಕೆಲಸದಲ್ಲಿ ನಕ್ಷತ್ರಕೋಶ ಮದುವೆ ಮನೆಯ ಎಂಜಲೆಲೆ ಎತ್ತುವವರ ಹಾಗೆ. ವಿಡಿಯೋದವರು ಅವರನ್ನು ಹಿಡಿಯುವುದಿಲ್ಲ. ಎಲೆ ಎತ್ತದಿದ್ದರೆ ಮುಂದಿನ ಪಂಕ್ತಿ ಕೂರುವಂತಿಲ್ಲ. ನರಕೋಶ ಸುದ್ದಿ ಕಳಿಸಲು ಗ್ಲುಟಮೇಟ್ ಚೆಲ್ಲುತ್ತದೆ. ಅದು ಅಲ್ಲೇ ಉಳಿದರೆ ಪಕ್ಕದ ಕೋಶವನ್ನೇ ಸುಡುತ್ತದೆ. ಅದನ್ನು ಹೀರಿ, ಗ್ಲುಟಮಿನ್ ಮಾಡಿ ವಾಪಸು ಕೊಡುವುದು ನಕ್ಷತ್ರಕೋಶ. ಸ್ನಾಯುಗಳನ್ನು ಸೊರಗಿಸುವ ಎಎಲ್‌ಎಸ್ ರೋಗಿಗಳಲ್ಲಿ ಈ ಹೀರುವ ಪ್ರೋಟೀನು ಕಡಿಮೆಯಾಗಿರುವುದು 1990ರ ದಶಕದಲ್ಲಿ ಗೊತ್ತಾಯಿತು.

ಈ ನಕ್ಷತ್ರಕೋಶದ ಮಾತು ನಮ್ಮ ಮನೆಗೇ ಬಂದದ್ದು ಅಣ್ಣನಿಗೆ ಪಾರ್ಕಿನ್ಸನ್ ಆದಾಗ. ಆ ಕಾಯಿಲೆಯ ಮಿದುಳನ್ನು ನಾನು ಎಷ್ಟೋ ಸಲ ಕೊಯ್ದಿದ್ದೆ. ನಡುಮಿದುಳಿನಲ್ಲಿ ಬರಿಗಣ್ಣಿಗೇ ಕಾಣಬೇಕಾದ ಕಪ್ಪು ಪಟ್ಟಿ ಮಾಸಿರುತ್ತದೆ; ಡೋಪಮಿನ್ ಕೋಶಗಳು ಹೋಗಿರುತ್ತವೆ. ಅಣ್ಣ ದಿನಕ್ಕೊಂದು ರಸಾಜಿಲಿನ್ ಮಾತ್ರೆ ನುಂಗುತ್ತಾನೆ. ಅದು ಡೋಪಮಿನ್ ಒಡೆಯುವ ಎಂಎಒ-ಬಿ ಕಿಣ್ವವನ್ನು ತಡೆಯುತ್ತದೆ. ಆ ಕಿಣ್ವ ಮಿದುಳಿನಲ್ಲಿ ಮುಖ್ಯವಾಗಿ ಇರುವುದೆಲ್ಲಿ ಅಂತ ಹುಡುಕಿದರೆ, ನಮ್ಮ ಗೋಂದಿನಲ್ಲೇ!

ಇದೇ ಕಿಣ್ವದ್ದು ಇನ್ನೊಂದು ಕಥೆಯಿದೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಎಳೆಯ ವಯಸ್ಸಿನವರು ಇದ್ದಕ್ಕಿದ್ದಂತೆ ಮರಗಟ್ಟಿದ ಹಾಗೆ ಆಸ್ಪತ್ರೆ ಸೇರಿದರು. ಹೆರಾಯಿನ್ ಎಂದು ಚುಚ್ಚಿಕೊಂಡದ್ದರಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಇತ್ತು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರವೈದ್ಯರು ಅದರ ಜಾಡು ಹಿಡಿದರು. ಎಂಪಿಟಿಪಿ ತಾನಾಗಿ ವಿಷವಲ್ಲ. ನಕ್ಷತ್ರಕೋಶದೊಳಗೆ ಎಂಎಒ-ಬಿ ಅದನ್ನು ವಿಷವಾಗಿಸುತ್ತದೆ. ಡೋಪಮಿನ್ ಕೋಶ ಅದನ್ನು ಡೋಪಮಿನ್ ಎಂದೇ ಒಳಗೆಳೆದುಕೊಂಡು ಸಾಯುತ್ತದೆ. ನಾನು ಆ ವರ್ಷವೂ ಕೂತು ಹಿಮಟಾಕ್ಸಿಲಿನ್ ಸೋಸುತ್ತಿದ್ದೆ.

ಈಗ ಗಾಳಿ ತಿರುಗಿದೆ, ಆಸ್ಟ್ರೋಸೈಟೇ ನಾಯಕ ಎನ್ನುವ ಲೇಖನಗಳು ಬರುತ್ತಿವೆ. ಗೋಂದು ಅಂದದ್ದು ಎಷ್ಟು ಅವಸರವೋ ಇದೂ ಅಷ್ಟೇ ಅವಸರ. 2017ರಲ್ಲಿ ಅಮೆರಿಕದ ಬೆನ್ ಬ್ಯಾರೆಸ್ ತಂಡ, ಮೈಕ್ರೋಗ್ಲಯ ಎಂಬ ಇನ್ನೊಂದು ಬಗೆಯ ಗ್ಲಯ ಕೆಣಕಿದರೆ ಇವೇ ಕೋಶಗಳು ನರಕೋಶವನ್ನು ಕೊಲ್ಲುವ ಕಡೆಗೆ ತಿರುಗಬಲ್ಲವೆಂದು ತೋರಿಸಿತು. ಎಲ್ಲಿ ಕಾಯುತ್ತವೆ, ಎಲ್ಲಿ ಕೊಲ್ಲುತ್ತವೆ ಎಂಬುದನ್ನು ಒಂದೊಂದು ಕಾಯಿಲೆಯಲ್ಲೂ ಬೇರೆಬೇರೆಯಾಗಿಯೇ ನೋಡಬೇಕು.

ಅದನ್ನು ಇಲಿಯಲ್ಲಿ ನೋಡಿದರೆ ಸಾಲದು. ಮನುಷ್ಯರ ನಕ್ಷತ್ರಕೋಶ ಇಲಿಯದಕ್ಕಿಂತ ಅಗಲದಲ್ಲೇ ಎರಡು ಪಟ್ಟಿಗೂ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ವಯಸ್ಸಾದಂತೆ ಆ ಕಪ್ಪು ಪಟ್ಟಿಯ ನಕ್ಷತ್ರಕೋಶಗಳ ಆಕಾರ ಬದಲಾಗುವುದನ್ನು ಅಲ್ಲಿನವರು ಮನುಷ್ಯರ ಮಿದುಳಿನಲ್ಲೇ ನೋಡಿ ಬರೆದಿದ್ದಾರೆ. ಕಾಯಿಲೆ ಇದ್ದವರದ್ದೂ ಬೇಕು, ಇಲ್ಲದವರದ್ದೂ ಬೇಕು. ಹೋಲಿಸಿ ನೋಡಲು ಎರಡೂ ಇರಲೇಬೇಕು. ಸತ್ತ ಕೆಲವೇ ಗಂಟೆಗಳಲ್ಲಿ ತೆಗೆಯಬೇಕಾದ್ದರಿಂದ ಮನೆಯವರು ಮೊದಲೇ ಒಪ್ಪಿರಬೇಕು.

ಅಣ್ಣನೂ ನಾನೂ ಮನೆಯವರನ್ನು ಕೂರಿಸಿಕೊಂಡು ಈ ಮಾತು ಮುಗಿಸಿದೆವು. ಒಪ್ಪಿಗೆ ಕಾಗದಕ್ಕೆ ಅಣ್ಣ ಹಾಕಿದ ಸಹಿ ಇರುವೆ ಸಾಲಿನಷ್ಟು ಸಣ್ಣಗಿದೆ. ಪಾರ್ಕಿನ್ಸನ್‌ನಲ್ಲಿ ಅಕ್ಷರ ಹಾಗೇ ಕುಗ್ಗುತ್ತದೆ. ಅದರ ಕೆಳಗೆ ಸಾಕ್ಷಿಯ ಸಹಿ ನನ್ನದು.