ನಾವು ವ್ಯಾನು ಕೊಂಡದ್ದು

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನನ್ನಂಥವನು ಮೋಟಾರು ಗಾಡಿಗಳ ವಿಷಯವಾಗಿ ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ತಿಳಿಯದ ವಿಷಯದಲ್ಲಿ ತಿಳಿದವನಂತೆ ನಡೆದು ೧೦,೦೦೦ ರೂಪಾಯಿಗಳನ್ನು ಕಳೆದುಕೊಂಡವನಿಗೆ, ಆ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ತಾನಾಗಿಯೇ ಬರುತ್ತದೆ. ಅದಕ್ಕಾಗಿ ನಾನು ತೆತ್ತ ಶುಲ್ಕವನ್ನು ಓದುವವರು ಮತ್ತೆ ತೆರಬೇಕಾಗಿಲ್ಲ.

ನನ್ನ ತಂಗಿಯ ಮಗನು ಬೆಂಗಳೂರಿನಲ್ಲಿ ಎತ್ತರದ ಕಟ್ಟಡಗಳ ಗಾಜು ತೊಳೆಯುವ ಕೆಲಸದಲ್ಲಿ ಆರು ವರ್ಷ ಇದ್ದನು. ಸೊಂಟಕ್ಕೆ ಪಟ್ಟಿ ಕಟ್ಟಿ, ಹಗ್ಗದಲ್ಲಿ ಇಳಿಬಿದ್ದು, ಒಂದೊಂದೇ ಅಂತಸ್ತಾಗಿ ಕೆಳಕ್ಕೆ ಬರುತ್ತ ಗಾಜನ್ನು ಉಜ್ಜುವ ಕೆಲಸವದು. ತಂದೆಯಿಲ್ಲದ ಹುಡುಗ. ಸಂಜೆ ಅವನಿಂದ “ಇಳಿದೆನಮ್ಮ” ಎಂಬ ಒಂದು ಮಾತು ಫೋನಿನಲ್ಲಿ ಬರುವ ತನಕ ನನ್ನ ತಂಗಿ ಹೊತ್ತಿಸಿದ ದೀಪದ ಮುಂದಿನಿಂದ ಏಳುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ದಿನ ಬಿರುಗಾಳಿ ಎದ್ದು ಅವನು ಗೋಡೆಗೆ ಬಡಿದು ಭುಜ ಮುರಿದುಕೊಂಡನು. ಹಗ್ಗವು ಹಿಡಿದದ್ದರಿಂದ ಪ್ರಾಣವುಳಿಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನೇ ಹೇಳಿದನು: “ಮಾವ, ಗಾಜು ತೊಳೆಯುವುದನ್ನು ಬಿಡುವುದಿಲ್ಲ, ಹಗ್ಗವನ್ನು ಬಿಡುತ್ತೇನೆ. ಮನೆಗಳು, ಅಂಗಡಿಗಳು, ನರ್ಸಿಂಗ್ ಹೋಮುಗಳು ಎಷ್ಟಿಲ್ಲ? ನೆಲದ ಮೇಲೆಯೇ ನಿಂತು ಮೂರನೆಯ ಅಂತಸ್ತಿನವರೆಗೂ ತೊಳೆಯಬಹುದಾದ ಉದ್ದ ಕೋಲುಗಳಿವೆ. ಒಂದು ಹಳೆಯ ವ್ಯಾನು ಸಿಕ್ಕಿದರೆ ಸಾಕು.”

ನನ್ನ ನಿವೃತ್ತಿಯ ಹಣದಲ್ಲಿ ಸ್ವಲ್ಪ ಉಳಿದಿತ್ತು. ಕೊಡುತ್ತೇನೆಂದೆ. ಸಾಲವೆಂದು ಕಾಗದ ಬರೆದುಕೊಂಡರೆ ಮಾತ್ರ ತೆಗೆದುಕೊಳ್ಳುವೆನೆಂದು ಅವನು ಹಟ ಹಿಡಿದನು, ಬರೆದುಕೊಂಡೆ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು.

ಅವನ ಭುಜಕ್ಕೆ ಕಟ್ಟಿದ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಅವನಿಗೇಕೆ ಅಲೆದಾಟವೆಂದು ನಾನೊಬ್ಬನೇ ವ್ಯಾನು ಹುಡುಕಲು ಹೊರಟೆ. ಹಳೆಯ ಗಾಡಿಗಳನ್ನು ಮಾರುವ ಒಂದು ಕಡೆಯಲ್ಲಿ, ಆಗ ತಾನೆ ಬಣ್ಣ ಬಳಿದ ಬಿಳಿಯ ಮಾರುತಿ ಓಮ್ನಿಯೊಂದು ಮದುವಣಿಗನಂತೆ ನಿಂತಿತ್ತು. ಈ ಗಾಡಿಯನ್ನು ಕಾಣದ ಗೃಹಸ್ಥರು ನಮ್ಮಲ್ಲಿ ವಿರಳ. ೧೯೮೪ರಲ್ಲಿ ಮೊದಲಾಗಿ ೨೦೧೯ರವರೆಗೆ ತಯಾರಾಗುತ್ತಿದ್ದದ್ದು. ಪಕ್ಕದ ಬಾಗಿಲು ಜಾರಿ ತೆರೆಯುವುದರಿಂದ ಓಣಿಯಲ್ಲಿ ನಿಲ್ಲಿಸಿ ಸಾಮಾನು ತೆಗೆಯಲು ಅನುಕೂಲ. “ಒಬ್ಬ ಡಾಕ್ಟರು ಇಟ್ಟುಕೊಂಡಿದ್ದ ಗಾಡಿ ಸ್ವಾಮಿ, ಭಾನುವಾರ ಮಾತ್ರ ತೆಗೆಯುತ್ತಿದ್ದರು” ಎಂದನು ಮಾರುವವನು. ಸಂಜೆಯೊಳಗೆ ಬೇರೆಯವರು ಬರುವರೆಂದೂ ಹೇಳಿದನು. ನಾನು ೧೦,೦೦೦ ರೂಪಾಯಿ ಮುಂಗಡ ಕೊಟ್ಟು, ದೊಡ್ಡ ಕಾರ್ಯ ಮಾಡಿದವನಂತೆ ಮನೆಗೆ ಬಂದೆ.

ಹುಡುಗನು ಎಲ್ಲವನ್ನೂ ಕೇಳಿ, “ಮಾವ, ಎಷ್ಟು ಭಾರ ಹೊರುತ್ತದೆಂದು ಕೇಳಿದಿರಾ?” ಎಂದನು.

ನಾನು ಕೇಳಿರಲಿಲ್ಲ. ಗಾಜು ತೊಳೆಯುವವನಿಗೆ ಬೇಕಾದುದು ಬಟ್ಟೆ, ಬಕೆಟ್ಟು, ಏಣಿಗಳೆಂದು ನಾನು ಭಾವಿಸಿದ್ದೆ. ಅವು ಎಷ್ಟು ತೂಗಿಯಾವು? ಅವನು ತಿಳಿಸಿದ ಮೇಲೆ ವಿಷಯ ಬೇರೆಯೇ ಆಯಿತು. ನಮ್ಮ ಕೊಳವೆಬಾವಿಯ ನೀರಿನಲ್ಲಿ ಸುಣ್ಣ ಮೊದಲಾದ ಲವಣಗಳು ಕರಗಿರುತ್ತವೆ. ಗಾಜಿನ ಮೇಲೆ ಆರಿದರೆ ಬಿಳಿಯ ಚುಕ್ಕೆಗಳನ್ನು ಬಿಡುತ್ತವೆ. ಕೋಲಿನಿಂದ ತೊಳೆಯುವವನು ಮೇಲಕ್ಕೆ ಹೋಗಿ ಒರೆಸಲಾರನು. ಆದುದರಿಂದ ಶೋಧಕಗಳ ಮೂಲಕ ಹಾಯಿಸಿ ಲವಣವನ್ನೆಲ್ಲ ತೆಗೆದ ನೀರನ್ನು ತೊಟ್ಟಿಯಲ್ಲಿ ತುಂಬಿಕೊಂಡು ಹೋಗಬೇಕು. ಅದು ತಾನೇ ಆರಿದರೂ ಕಲೆ ನಿಲ್ಲುವುದಿಲ್ಲ. ಒಂದು ಲೀಟರು ನೀರಿಗೆ ಒಂದು ಕಿಲೋ ತೂಕ. ೫೦೦ ಲೀಟರಿನ ತೊಟ್ಟಿಯೆಂದರೆ ಎಂಟು ಜನ ದೊಡ್ಡವರನ್ನು ಹಿಂದುಗಡೆ ಕೂರಿಸಿದಂತೆ! ಅದೂ ಅಲುಗಾಡದೆ ಕೂರುವ ಜನರಲ್ಲ. ಅರ್ಧ ತುಂಬಿದ ತೊಟ್ಟಿಯ ನೀರು, ಬ್ರೇಕು ಹಾಕಿದಾಗ ಮುಂದಕ್ಕೂ, ತಿರುವಿನಲ್ಲಿ ಪಕ್ಕಕ್ಕೂ ನುಗ್ಗಿ ಗಾಡಿಯನ್ನೇ ಎಳೆಯುತ್ತದೆ. ಒಳಗೆ ಅಡ್ಡಗೋಡೆಗಳಿರುವ ತೊಟ್ಟಿಯನ್ನು ಕೊಂಡು, ಆದಷ್ಟು ತಗ್ಗಿನಲ್ಲಿಟ್ಟು, ಗಾಡಿಯ ಅಡಿಗಟ್ಟಿಗೆ ಬೋಲ್ಟಿನಿಂದ ಬಿಗಿಯಬೇಕು.

ಮರುದಿನ ಬೆಳಗ್ಗೆ ಅವನು ತನಗೆ ಪರಿಚಿತನಾದ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದನು. ಮೂವರೂ ಹೋದೆವು. ಮೆಕ್ಯಾನಿಕ್ಕು ಮೊದಲು ಇಂಜನನ್ನು ಮುಟ್ಟಿ ನೋಡಿ, “ಬಿಸಿಯಾಗಿದೆ ಮೇಷ್ಟ್ರೇ. ನಾವು ಬರುವ ಮೊದಲೇ ಓಡಿಸಿಟ್ಟಿದ್ದಾರೆ. ತಣ್ಣಗಾಗುವವರೆಗೆ ಕೂರೋಣ” ಎಂದನು. ಎರಡು ಗಂಟೆ ಕುಳಿತೆವು. ಆಮೇಲೆ ಚಾಲು ಮಾಡಿದರೆ ಹಿಂದಿನ ಕೊಳವೆಯಿಂದ ನೀಲಿ ಹೊಗೆ ಎದ್ದಿತು.

ಇಲ್ಲಿ ನನ್ನ ಪಾಂಡಿತ್ಯದ ವಿಷಯ ಒಂದು ಮಾತು ಹೇಳಬೇಕು. ಹೊಗೆಯಿರುವಲ್ಲಿ ಬೆಂಕಿಯಿದೆಯೆಂಬುದು ತರ್ಕಶಾಸ್ತ್ರದಲ್ಲಿ ಅನುಮಾನಕ್ಕೆ ಕೊಡುವ ಮೊದಲನೆಯ ದೃಷ್ಟಾಂತ. ನಾನು ಎಷ್ಟೋ ತಂಡ ಹುಡುಗರಿಗೆ ಅದನ್ನು ಹೇಳಿಕೊಟ್ಟಿದ್ದೆ. ಆದರೆ ಹೊಗೆಗೆ ಬಣ್ಣವುಂಟು, ಬಣ್ಣಕ್ಕೆ ಅರ್ಥವುಂಟು ಎಂಬುದನ್ನು ನನಗೆ ಕಲಿಸಿದವನು ಆ ಮೆಕ್ಯಾನಿಕ್ಕು. ನೀಲಿಯಾದರೆ ಇಂಜನು ತನ್ನ ಎಣ್ಣೆಯನ್ನೇ ಸುಡುತ್ತಿದೆ. ಕಪ್ಪಾದರೆ ಇಂಧನವು ಹೆಚ್ಚಾಗಿ ಹೋಗುತ್ತಿದೆ. ಇಂಜನು ಕಾದ ಮೇಲೂ ದಟ್ಟವಾದ ಬಿಳಿಯ ಹೊಗೆ ನಿಲ್ಲದಿದ್ದರೆ ತಂಪು ಮಾಡುವ ನೀರು ಒಳಕ್ಕೆ ಸೇರುತ್ತಿರಬಹುದು. ಅವನು ಕಾಲಡಿಯ ಚಾಪೆಯನ್ನು ಎತ್ತಿ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದನು, ಹಪ್ಪಳದಂತೆ ಮುರಿಯಿತು. ಹೊಸ ಬಣ್ಣದ ಅಡಿಯಲ್ಲಿದ್ದದ್ದು ತುಕ್ಕು. ಮೀಟರು ತೋರಿಸಿದ ದೂರ ೪೦,೦೦೦ ಕಿಲೋಮೀಟರಿಗೂ ಕಡಮೆ. ಆದರೆ ಕ್ಲಚ್ಚಿನ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ಭಾನುವಾರ ಮಾತ್ರ ತುಳಿದ ಪೆಡಲು ಹಾಗೆ ಸವೆಯುವುದಿಲ್ಲ. ಆಪ್ತನ ಮಾತು ಪ್ರಮಾಣವೆಂದು ಶಾಸ್ತ್ರಕಾರರು ಹೇಳಿದ್ದಾರೆಯೇ ಹೊರತು, ಮಾರುವವನ ಮಾತನ್ನಲ್ಲ.

ಮುಂಗಡ ಹಿಂದಕ್ಕೆ ಬರಲಿಲ್ಲ. ದಾರಿಯಲ್ಲಿ ಹುಡುಗನು ನನ್ನನ್ನು ಒಂದು ಮಾತೂ ಆಕ್ಷೇಪಿಸಲಿಲ್ಲ. ಅದೇ ನನಗೆ ಹೆಚ್ಚಾಗಿ ನಾಟಿತು. ಮನೆಯ ಬಾಗಿಲಿಗೆ ಬಂದಾಗ, “ಆ ಹತ್ತು ಸಾವಿರವನ್ನೂ ನನ್ನ ಸಾಲದಲ್ಲಿಯೇ ಸೇರಿಸಿ ಮಾವ” ಎಂದನು. ಆಗ ನನಗೆ ನನ್ನ ತಪ್ಪು ಪೂರ್ಣವಾಗಿ ಕಂಡಿತು. ಹಣ ಕೊಡುವವನು ನಾನು ಎಂಬ ಒಂದೇ ಕಾರಣಕ್ಕೆ, ಕೆಲಸ ತಿಳಿದವನನ್ನು ಒಂದು ಮಾತೂ ಕೇಳದೆ ಅವನ ಜೀವನಕ್ಕೆ ಬೇಕಾದುದನ್ನು ಆರಿಸಹೋಗಿದ್ದೆ. ಆ ಹಣವನ್ನು ಸಾಲದಲ್ಲಿ ಸೇರಿಸಲಿಲ್ಲವೆಂದು ಬೇರೆಯಾಗಿ ಹೇಳಬೇಕಾಗಿಲ್ಲವಷ್ಟೆ.

ಆಮೇಲೆ ಅವನು ಮುಂದೆ, ನಾನು ಹಿಂದೆ. ೨೦೦೫ರಲ್ಲಿ ಬಂದ ಟಾಟಾ ಏಸ್ ಎಂಬ ಗಾಡಿಗಳನ್ನು ನೋಡಿದೆವು. ಜನ ಅದನ್ನು ಛೋಟಾ ಹಾಥಿ ಎನ್ನುವರು. ಭಾರ ಹೊರುವುದರಲ್ಲಿ ಹೆಸರಿಗೆ ತಕ್ಕದ್ದೇ ಸರಿ. ಆದರೆ ಹಿಂದುಗಡೆ ತೆರೆದಿದ್ದು, ಬೆಲೆಬಾಳುವ ಕೋಲು, ಪಂಪುಗಳನ್ನು ಮಳೆಯಿಂದಲೂ ಕಳ್ಳರಿಂದಲೂ ಕಾಯುವುದು ಕಷ್ಟ. ಕೊನೆಗೆ ಒಂದು ಬೇಕರಿಯವರು ಮಾರಲಿಟ್ಟ, ಏಳು ವರ್ಷದ ಮಾರುತಿ ಈಕೋ ಸರಕಿನ ವ್ಯಾನು ದೊರೆಯಿತು. ಬಣ್ಣ ಮಾಸಿತ್ತು, ಒಂದು ಬಾಗಿಲು ತಗ್ಗಾಗಿತ್ತು. ನಾನೊಬ್ಬನೇ ಹೋಗಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲ. ಹುಡುಗನ ಯುಕ್ತಿ ಬೇರೆ: “ಇದು ಏಳು ವರ್ಷ ಬ್ರೆಡ್ಡನ್ನು ಹೊತ್ತಿದೆ ಮಾವ, ಬ್ರೆಡ್ಡಿಗೆ ಏನು ಭಾರ? ಸ್ಪ್ರಿಂಗುಗಳು ದಣಿದಿಲ್ಲ.” ತಣ್ಣನೆಯ ಇಂಜನು ಒಂದೇ ಸಲಕ್ಕೆ ಎದ್ದಿತು, ನೀಲಿ ಹೊಗೆ ಇರಲಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳನ್ನು ಓದುವುದನ್ನೂ ಅಲ್ಲಿಯೇ ಕಲಿತೆ: ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ.

ಇನ್ನು ಕಾಗದಪತ್ರಗಳು. ಇವನ್ನು ಓದುವುದು ನನ್ನ ಪಾಲಿಗೆ ಬಂದಿತು, ಅದರಿಂದ ನನಗೂ ಸ್ವಲ್ಪ ಮಾನ ಉಳಿಯಿತು. ನೋಂದಣಿಪತ್ರದಲ್ಲಿರುವ ಚಾಸಿಯ ಸಂಖ್ಯೆಯನ್ನು ಗಾಡಿಯ ಮೇಲೆ ಕೊರೆದಿರುವುದರೊಡನೆ ಅಕ್ಷರಾಕ್ಷರವಾಗಿ ಹೋಲಿಸಬೇಕು. ಬ್ಯಾಂಕಿನ ಸಾಲವಿದ್ದರೆ ಅದು ತೀರಿದುದಕ್ಕೆ ೩೫ನೆಯ ನಮೂನೆಯನ್ನೂ ಬ್ಯಾಂಕಿನ ಪತ್ರವನ್ನೂ ಪಡೆಯಬೇಕು. ಹೆಸರು ಬದಲಾಯಿಸಲು ೨೯ ಮತ್ತು ೩೦ನೆಯ ನಮೂನೆಗಳು. ವಿಮೆಯನ್ನು ೧೪ ದಿನಗಳೊಳಗಾಗಿ ತನ್ನ ಹೆಸರಿಗೆ ಮಾಡಿಕೊಡಬೇಕೆಂದು ಅರ್ಜಿ ಕೊಡತಕ್ಕದ್ದು. ಹಳದಿ ಫಲಕದ ಗಾಡಿಗೆ ಅರ್ಹತಾಪತ್ರವು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷವೂ ಬೇಕು. ಆ ವೆಚ್ಚವನ್ನು ಬೆಲೆ ಮಾತನಾಡುವಾಗಲೇ ಲೆಕ್ಕಕ್ಕೆ ಹಿಡಿಯಬೇಕು. ಹಿಂದಿನ ಯಜಮಾನನ ಮೇಲೆ ಬಾಕಿಯಿರುವ ದಂಡಗಳನ್ನು ಅವನಿಂದಲೇ ಕಟ್ಟಿಸಿದ ಮೇಲೆ ಹಣ ಕೊಡುವುದು ಲೇಸು.

ನೋಂದಣಿಪತ್ರದಲ್ಲಿ ಇನ್ನೂ ಎರಡು ಸಂಖ್ಯೆಗಳಿರುತ್ತವೆ: ಬರಿಯ ಗಾಡಿಯ ತೂಕ, ತುಂಬಿದ ಗಾಡಿಗೆ ಅನುಮತಿಯಿರುವ ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದು, ಇಬ್ಬರು ಆಳುಗಳ ತೂಕವನ್ನೂ ಏಣಿ, ಕೋಲು, ಪಂಪು, ಬ್ಯಾಟರಿಗಳ ತೂಕವನ್ನೂ ಕಳೆದರೆ ಉಳಿಯುವುದು ನೀರಿನ ಪಾಲು. ಶಾಲೆಯ ಹುಡುಗರೂ ಮಾಡಬಹುದಾದ ಲೆಕ್ಕ, ನಾನೇ ಮಾಡಿರಲಿಲ್ಲ. ೫೦೦ ಲೀಟರಿನ ಆಸೆಯನ್ನು ಬಿಟ್ಟು, ಶೇಷಕ್ಕಿಂತ ಕಡಮೆಯಾಗಿಯೇ ಇರಲೆಂದು ೩೦೦ ಲೀಟರಿನ ತೊಟ್ಟಿಯನ್ನು ಹುಡುಗನು ಇಡಿಸಿದನು. ಮಧ್ಯಾಹ್ನ ಊಟಕ್ಕೆ ಬಂದಾಗ ಮತ್ತೆ ತುಂಬಿಕೊಂಡು ಹೋಗುತ್ತಾನೆ.

ಮೊದಲ ದಿನ ಅವನು ತೊಳೆದದ್ದು ನಮ್ಮ ಮನೆಯ ಕಿಟಕಿಗಳನ್ನೇ. ಮಹಡಿಯ ಕಿಟಕಿಯ ಹೊರಮೈಯನ್ನು, ಮನೆ ಕಟ್ಟಿದ ಮೇಲೆ ಯಾರೂ ಮುಟ್ಟಿರಲಿಲ್ಲ. ತಂಗಿ ಅಂಗಳದಲ್ಲಿ ನಿಂತು, ಕೋಲಿನ ತುದಿಯನ್ನಲ್ಲ, ಮಗನ ಪಾದಗಳನ್ನು ನೋಡುತ್ತಿದ್ದಳು. ನೆಲದ ಮೇಲೆ ಊರಿದ್ದ ಆ ಪಾದಗಳು ಅವಳಿಗೆ ಸಾಲದೆಂದು ತೋರಿತೇನೋ, “ಅಣ್ಣ, ಇನ್ನು ಮೇಲಕ್ಕೆ ಹತ್ತುವುದೇ ಇಲ್ಲ ತಾನೆ?” ಎಂದು ನನ್ನನ್ನು ಎರಡು ಸಲ ಕೇಳಿದಳು. ಇಲ್ಲವೆಂದೆ.

ತಿಂಗಳ ಮೊದಲನೆಯ ತಾರೀಖು ಅವನು ಸಾಲದ ಕಂತನ್ನು ತಪ್ಪದೆ ತಂದುಕೊಡುತ್ತಾನೆ. ನಾನು ಕಾಗದದ ಹಿಂದೆ ಬರೆದು ರುಜು ಹಾಕುತ್ತೇನೆ. ಸಂಜೆಯ ಫೋನು ಈಗಲೂ ಬರುತ್ತದೆ. “ಇಳಿದೆನಮ್ಮ” ಎನ್ನುವ ಬದಲು “ಹೊರಟೆನಮ್ಮ” ಎನ್ನುತ್ತಾನೆ. ದೀಪ ಹಚ್ಚಿ ಕೈಮುಗಿದು, ತಂಗಿ ಅಡಿಗೆಮನೆಗೆ ಹೋಗುತ್ತಾಳೆ.